ಅಮಾವಾಸ್ಯೆಯ ರೊಟ್ಟಿ ಲೆಕ್ಕ

ಮರಾಠಿ ನಾಡಿನ ಈ ಬಿಬವೇವಾಡಿಯ ನನ್ನ ಖಾನಾವಳಿಯಲ್ಲಿ ದಿನಕ್ಕೆ ಎಷ್ಟು ಜೋಳದ ರೊಟ್ಟಿ ಬಡಿಯಬೇಕೆಂಬುದನ್ನು ಇಪ್ಪತ್ತು ವರ್ಷ ನಾನೊಬ್ಬನೇ ಹೇಳಿದೆ. ಐದನೆಯ ಇಯತ್ತೆಗೆ ಶಾಲೆ ಬಿಟ್ಟವನು. ಕಣ್ಣಂದಾಜಿನ ಮೇಲೆಯೇ ಈ ಖಾನಾವಳಿ ಕಟ್ಟಿ ನಿಲ್ಲಿಸಿದೆ. ಆ ಹೆಮ್ಮೆ ಇನ್ನೂ ಇದೆ.

ಅದಕ್ಕೆ ಪೆಟ್ಟು ಬಿದ್ದದ್ದು ಹೋದ ವರ್ಷ, ಒಂದು ಸೋಮವಾರ. ಜೇಜುರಿಯ ದರ್ಶನ ಮುಗಿಸಿ ಊರಿನ ಬಸ್ಸು ಹಿಡಿಯಲು ಬಂದ ನಮ್ಮ ಕಡೆಯ ಮೂವತ್ತು ಜನ, ಹಣೆ ತುಂಬ ಅರಿಸಿನದ ಭಂಡಾರ ಬಳಿದುಕೊಂಡು ಬಾಗಿಲಿಗೆ ಬಂದರು. ರೊಟ್ಟಿ ತೀರಿದ್ದವು. ಅನ್ನವಿದೆ ಎಂದೆ.

"ಅನ್ನಾ ಎಲ್ಲಾ ಕಡೆ ಸಿಗ್ತದ್ರಿ. ನಾವು ರೊಟ್ಟಿ ಸಲುವಾಗಿ ಬಂದೇವಿ," ಎಂದು ಒಬ್ಬ ಮುದುಕ ಚಪ್ಪಲಿ ಮೆಟ್ಟಿಕೊಂಡ.

ಜೇಜುರಿಯ ಖಂಡೋಬಾ ಎಂದರೆ ನಮ್ಮ ಮೈಲಾರಲಿಂಗ, ನಮ್ಮ ಮನೆದೇವರು. ಅವನ ಭಕ್ತರು ನನ್ನ ಬಾಗಿಲಿಂದ ಹಸಿದು ಹೋದರು. ಇನ್ನೊಮ್ಮೆ ಹೀಗಾದರೆ ಖಾನಾವಳಿ ಮುಚ್ಚುತ್ತೇನೆ ಎಂದು ಮನೆಯಲ್ಲಿ ಹೇಳಿಬಿಟ್ಟೆ.

ಸೊಸೆ ಮೈಸೂರು ಕಡೆಯವಳು, ವಿಮಾನ ನಗರದ ಆಫೀಸಿನಲ್ಲಿ ಕೆಲಸ. ಮದುವೆಯಾಗಿ ಬಂದಾಗಿನಿಂದ ಪ್ರತಿ ಸಂಜೆ ರೊಟ್ಟಿ ಬಡಿಯುವ ಅಕ್ಕಂದಿರನ್ನು ಕೇಳಿ, ಎಷ್ಟು ಬಡಿದರು, ಎಷ್ಟು ಗಂಟೆಗೆ ತೀರಿದವು ಎಂದು ಫೋನಿನಲ್ಲಿ ಬರೆದಿಡುತ್ತಿದ್ದಳು.

"ನಿನ್ನ ಫೋನಿಗೆ ಹಸಿವಿ ತಿಳೀತದೇನವಾ?" ಎಂದು ಕೆಣಕುತ್ತಿದ್ದೆ.

"ಹಸಿವು ನಿಮಗೆ ಗೊತ್ತಲ್ಲ ಮಾವ. ಇದಕ್ಕೆ ನೆನಪು ಜಾಸ್ತಿ, ಅಷ್ಟೇ."

ಈ ವರ್ಷ ಅದೇ ತಾರೀಕು ಬಂದಾಗ ಆಕೆ ಫೋನು ನೋಡಿ, ಎರಡರಷ್ಟು ರೊಟ್ಟಿ ಮಾಡಿಸಿ ಎಂದಳು. ಮಾಡಿಸಿದೆ. ಒಬ್ಬ ಭಕ್ತನೂ ಬರಲಿಲ್ಲ. ಬುಟ್ಟಿಯ ತುಂಬ ರೊಟ್ಟಿ ಉಳಿದವು. ಅಕ್ಕಂದಿರಲ್ಲಿ ಹಿರಿಯಳು ಹಿಟ್ಟಿನ ಕೈ ತೊಳೆಯುತ್ತ ನಕ್ಕಳು:

"ತಾರೀಕ ನೋಡಿ ಖಂಡೋಬಾ ಕರೀತಾನೇನ ತಂಗಿ? ಹೋದ ವರ್ಷ ಅವತ್ತ ಸೋಮವತಿ ಅಮಾಸಿ ಇತ್ತಲ್ಲ!"

ಅಮಾವಾಸ್ಯೆ ಸೋಮವಾರ ಬಿದ್ದರೆ ಜೇಜುರಿಗೆ ಜನ ನುಗ್ಗುತ್ತಾರೆ. ನನಗೂ ಗೊತ್ತಿದ್ದದ್ದೇ. ಫೋನು ಹೇಳಿತಲ್ಲ ಎಂದು ಪಂಚಾಂಗವನ್ನೇ ನೋಡಿರಲಿಲ್ಲ.

"ತಪ್ಪು ನಂದೇ ಅಕ್ಕ. ಡೇಟ್ ನೋಡ್ಬಿಟ್ಟೆ, ತಿಥಿ ಬರ್ಕೊಂಡೇ ಇರ್ಲಿಲ್ಲ," ಎಂದಳು ಸೊಸೆ, ಎಲ್ಲರೆದುರು. ಇಷ್ಟು ವರ್ಷ ದುಡಿದ ನಾನು ಕೆಲಸದವರ ಮುಂದೆ ಒಮ್ಮೆಯೂ ಆ ಮಾತು ಆಡಿದವನಲ್ಲ. ಅವತ್ತೇ ಹಳೆಯ ಪಂಚಾಂಗ ತೆಗೆಸಿದಳು. ನಾನು ತಿಥಿ ಓದುತ್ತ ಹೋದೆ, ಆಕೆ ಒಂದೊಂದು ದಿನದ ಮುಂದೆಯೂ ಸೇರಿಸುತ್ತ ಹೋದಳು. ಏಕಾದಶಿಗೆ ಎಷ್ಟು ಉಳಿಯುತ್ತವೆ, ಹುಣ್ಣಿಮೆಗೆ ಎಷ್ಟು ಬೇಗ ತೀರುತ್ತವೆ ಎಂಬುದೆಲ್ಲ ಆಗ ಕಂಡಿತು. ನನ್ನ ಕಣ್ಣಿಗೆ ಅಷ್ಟು ವರ್ಷ ಕಂಡಿರಲಿಲ್ಲ.

ಮುಂದಿನ ಸೋಮವತಿಗೆ ಆಕೆ ದುಡುಕಲಿಲ್ಲ. "ಅರ್ಧ ಮಾಡಿಸಿ ಮಾವ, ಉಳಿದ ಹಿಟ್ಟು ಜರಡಿ ಹಿಡಿದಿಟ್ಟಿರ್ಲಿ. ಹನ್ನೆರಡಕ್ಕೆ ನೀವೇ ಬಾಗಿಲಲ್ಲಿ ನಿಂತು ನೋಡಿ ಹೇಳಿ."

ಹನ್ನೆರಡು ದಾಟಿತ್ತು. ಹಳದಿ ಹಣೆಗಳು ತಿರುವಿನಲ್ಲಿ ಕಂಡವು. "ಬಡೀರೆವಾ!" ಎಂದು ಒಳಗೆ ಕೂಗಿದೆ. ಎರಡು ತಾಸು ಹಂಚು ಆರಲಿಲ್ಲ. ಒಬ್ಬರೂ ಹಸಿದು ಹೋಗಲಿಲ್ಲ.

"ಯಜಮಾನ್ರ, ನಾವು ಬರೂದು ಹೆಂಗ ಗೊತ್ತಾತ್ರಿ?" ಎಂದು ಅವರಲ್ಲೊಬ್ಬ ಹಿರಿಯ ಕೇಳಿದ.

ನನ್ನ ಅಂದಾಜು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ನಮ್ಮ ಸೊಸಿ ಹೇಳಿದ್ಲ್ರಿ," ಎಂದೆ.

"ಶಾಣ್ಯಾಕಿ ಅದಾಳ ಬಿಡ್ರಿ. ಹಂಗಾರ ಆಕಿ ಹೆಸರ್ಲೆ ಇನ್ನೊಂದ ರೊಟ್ಟಿ ಹಾಕ್ರಿ," ಎಂದು ತಾಟು ಮುಂದೆ ಸರಿಸಿದ.