ಹೊಸಕೆರೆಹಳ್ಳಿಯ ಸುಣ್ಣದ ಕಲ್ಲು

ಬೇಸಿಗೆ ಬಂತೆಂದು ಪಕ್ಕದ ಮನೆಯವರು ತಾರಸಿಗೆ ಸುಣ್ಣ ಬಳಿಸುತ್ತಿದ್ದಾರೆ. ಕಾಫಿ ಲೋಟ ಹಿಡಿದು ಕಿಟಕಿ ತೆರೆದರೆ ಒದ್ದೆ ಸುಣ್ಣದ ವಾಸನೆ ನೇರ ಮೂಗಿಗೆ ಬಂತು. ಜಯನಗರದಲ್ಲಿ ಕೂತಿದ್ದವನು ಒಂದೇ ಉಸಿರಿಗೆ ಹೊಸಕೆರೆಹಳ್ಳಿಯ ಹಿತ್ತಲೊಂದಕ್ಕೆ ಹೋಗಿಬಿಟ್ಟೆ. ಕಾಫಿ ಆರಿದರೆ ಆರಲಿ, ನೀವೂ ಜೊತೆಗೆ ಬನ್ನಿ.

ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದವರು ಎದುರುಮನೆಯ ಶಾರದಾ ಮೇಡಂ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು. ನಿವೃತ್ತಿಯಾದ ಮೇಲೆ ಜನ ಕಾಶಿಗೆ ಹೋಗುತ್ತಾರೆ. ಇವರು ಹಳೆಯ ಲಿಪಿ ಕಲಿತು ಕಲ್ಲು ಹುಡುಕಲು ಹೊರಟರು. ನಮ್ಮ ಬಡಾವಣೆಗಳೆಲ್ಲ ಹೊಲಗದ್ದೆಗಳ ಮೇಲೆ ಎದ್ದವಲ್ಲವೇ? ಆ ಹಳ್ಳಿಗಳ ಕಲ್ಲುಗಳು ಇನ್ನೂ ಯಾವುದೋ ಕಾಂಪೌಂಡಿನ ಮೂಲೆಯಲ್ಲಿ, ಟ್ರಾನ್ಸ್‌ಫಾರ್ಮರ್ ಹಿಂದೆ ನಿಂತಿವೆ. ಮೇಡಂ ಓದುವವರು, ನಾನು ಚೀಲ ಹೊರುವವನು. ಒಮ್ಮೆ ನಾನೂ ಒಂದು ಅಕ್ಷರ ಕಂಡುಹಿಡಿದೆನೆಂದು ಬೀಗಿದೆ. ಅದು ಯಾರೋ ಕುಡುಗೋಲು ಮಸೆದ ಗುರುತು.

ಹೊಸಕೆರೆಹಳ್ಳಿಯ ಮುನಿರಾಜಣ್ಣನವರದು ಹಿಂದೆ ಬೇಸಾಯದ ಮನೆ, ಈಗ ಮೂರಂತಸ್ತಿನ ಬಾಡಿಗೆ ಮನೆ. ಹಿತ್ತಲಲ್ಲಿ ಎದೆಯೆತ್ತರದ ಒಂದು ವೀರಗಲ್ಲು, ಅಂದರೆ ಹೋರಾಡಿ ಸತ್ತವನ ನೆನಪಿಗೆ ಊರವರು ನಿಲ್ಲಿಸಿದ ಕಲ್ಲು. ವರ್ಷವರ್ಷವೂ ಸುಣ್ಣ ಬಳಿದು ಬಳಿದು ಅದು ಬೆಣ್ಣೆ ಮುದ್ದೆಯ ಹಾಗಾಗಿತ್ತು. ಎತ್ತಿದ ಕೈಯೊಂದು, ಒಂದೆರಡು ಕೊಂಬು, ಅಷ್ಟೇ ಕಾಣುತ್ತಿದ್ದುದು.

"ಯೋಚ್ನೆ ಮಾಡ್ಬೇಡಿ ಮೇಡಂ, ಕಾಪಾಡೋದು ನನ್ ಜವಾಬ್ದಾರಿ. ನಾಳೆನೇ ಸಿಮೆಂಟ್ ಬರುತ್ತೆ. ಅರ್ಧ ಕಲ್ಲು ಕಾಂಕ್ರೀಟಲ್ಲಿ ಕೂರಿಸಿ ಸುತ್ತಾ ಗ್ರಾನೈಟ್ ಹಾಕಿಸ್ಬಿಡ್ತೀನಿ. ಅಲ್ಲಾಡೋ ಮಾತೇ ಇಲ್ಲ," ಎಂದರು ಮುನಿರಾಜಣ್ಣ ಅಭಿಮಾನದಿಂದ.

ಕಲ್ಲಿನ ಕೆಳಭಾಗವನ್ನು ಬೆರಳಿನಿಂದ ತಡವುತ್ತಿದ್ದ ಮೇಡಂ ಮುಖ ಬಾಡಿತು. ಅಕ್ಷರಗಳ ಸಾಲು ಇದ್ದದ್ದೇ ಆ ಅರ್ಧದಲ್ಲಿ.

"ಅಣ್ಣ, ಅದಕ್ ಮುಂಚೆ ಸುಣ್ಣ ತೆಗ್ದು ಒಂದ್ಸಲ ಓದ್ಬಿಡ್ಲಾ?"

"ನನ್ ಕೇಳ್ಬೇಡಿ, ನಮ್ಮವ್ವನ್ ಕೇಳಿ. ಈ ಮನೇಲಿ ನಾನು ಬರೀ ಓನರ್ರು."

ಅವರ ತಾಯಿ ಗಂಗಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ. "ಬ್ಯಾಡ ಕಣಮ್ಮ. ಸುಣ್ಣ ಅಂದ್ರೆ ಅವನ ಬಟ್ಟೆ. ನಾಕ್ ಜನದ ಮುಂದೆ ಬಟ್ಟೆ ಬಿಚ್ತೀರಾ?"

ಆ ಮನೆಯಲ್ಲೊಂದು ಪದ್ಧತಿಯಿತ್ತು. ಸಂಕ್ರಾಂತಿಯ ಸಂಜೆ ದನಗಳಿಗೆ ಕಿಚ್ಚು ಹಾಯಿಸಿ ಕೊಟ್ಟಿಗೆಗೆ ಕಟ್ಟಿದ ಮೇಲೆ ಮನೆಯ ಹಿರಿಯ ಹೆಂಗಸು ಕಲ್ಲಿಗೆ ಹೊಸ ಸುಣ್ಣ ಬಳಿದು, ಹುಗ್ಗಿ ಇಟ್ಟು, "ದನ ಎಲ್ಲಾ ಬಂದ್ವಪ್ಪ, ನೀನು ಮಲಕ್ಕೊ" ಎಂದು ಹೇಳಿ ಬರಬೇಕು.

"ದನ ಮಾರಿ ಯಾವ ಕಾಲ ಆಯ್ತು," ಎಂದು ಮಗ ಛೇಡಿಸಿದರು. "ಈಗ ನನ್ ಕಾರು, ಬಾಡಿಗೆಯೋರ ಸ್ಕೂಟ್ರು ಎಲ್ಲಾ ಸೇರಿಸಿ ಬಂದ್ವು ಅಂತ ವರದಿ ಒಪ್ಪಿಸ್ತಾಳೆ."

"ಬಾಯ್ ಮುಚ್ಚೋ. ನಮ್ಮತ್ತೆ ಹೇಳ್ತಿದ್ರು, ನಾನ್ ಹೇಳ್ತೀನಿ. ಯಾಕೆ ಅಂತ ಅವರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ."

ಮೇಡಂ ವಾದಕ್ಕಿಳಿಯಲಿಲ್ಲ. ಪಕ್ಕದಲ್ಲಿ ಕೂತು ತಾವೂ ಅವರೆಕಾಯಿ ಸುಲಿಯತೊಡಗಿದರು. ನಾನೂ ಕೈ ಹಾಕಿದೆ. ಹುಳುಕು ಕಾಳನ್ನೆಲ್ಲ ಒಳ್ಳೆಯದರ ಜೊತೆ ಹಾಕಿ ಬೈಸಿಕೊಂಡೆ. ಮೊರ ತುಂಬುವ ಹೊತ್ತಿಗೆ ಮೇಡಂ ಮೆಲ್ಲಗೆ, "ಹೊಸ ಬಟ್ಟೆ ಹಾಕೋಕ್ ಮುಂಚೆ ಸ್ನಾನ ಮಾಡಿಸ್ಬೇಕಲ್ವಾ ಅಮ್ಮ?" ಎಂದರು.

ಗಂಗಮ್ಮ ಅವರನ್ನೇ ನೋಡಿದರು. ಆಮೇಲೆ ನಕ್ಕರು. "ಮೇಷ್ಟ್ರಮ್ಮ ಅಲ್ವಾ, ಮಾತಲ್ಲಿ ಕಟ್ ಹಾಕ್ತೀಯ. ಆಗ್ಲಿ. ಆದ್ರೆ ನಾನೇ ಮಾಡಿಸ್ತೀನಿ."

ಹಂಡೆಯ ಬಿಸಿನೀರು ಬಂತು, ತೆಂಗಿನ ನಾರು ಬಂತು. ಕೂಸಿಗೆ ಎರೆಯುವ ಹಾಗೆ ಗಂಗಮ್ಮ ನೀರು ಹೊಯ್ದು ಉಜ್ಜಿದರು. ಸುಣ್ಣ ಪದರ ಪದರವಾಗಿ ಬಿಟ್ಟಿತು. ಒಂದು ಬಿಳಿ, ಒಂದು ನೀಲಿ ಬೆರೆತದ್ದು, ಮತ್ತೊಂದು ಹಳದಿಗೆ ತಿರುಗಿದ್ದು. ಒಂದೊಂದು ಪದರವೂ ಒಂದೊಂದು ಸಂಕ್ರಾಂತಿ, ಯಾವಳೋ ಒಬ್ಬ ಸೊಸೆಯ ಕೈ. ಕೊನೆಯ ಪದರ ಕಳಚಿದಾಗ ಅಕ್ಷರಗಳು ನಿನ್ನೆ ಕೆತ್ತಿದ ಹಾಗೆ ಎದ್ದುಬಂದವು.

ಮೇಡಂ ಮಂಡಿಯೂರಿ ಬೆರಳಿಟ್ಟು ಓದಿ ಅರ್ಥ ಹೇಳುತ್ತ ಹೋದರು. "ತುರು... ಅಂದ್ರೆ ದನ. ಕಳ್ಳರು ಊರ ದನ ಹೊಡ್ಕೊಂಡು ಹೋದಾಗ... ಬೆನ್ನಟ್ಟಿ... ದನಾನ ಊರ ಕಡೆ ತಿರುಗಿಸಿ... ಅಲ್ಲೇ ಸತ್ತ." ಹೆಸರಿರಬೇಕಾದ ಕಡೆ ಕಲ್ಲು ಚಕ್ಕೆ ಎದ್ದುಹೋಗಿತ್ತು.

ಮೇಲಿನ ಮನೆಯಲ್ಲಿ ಕುಕ್ಕರ್ ಕೂಗಿತು. ಗಂಗಮ್ಮ ಒದ್ದೆ ಸೆರಗು ಹಿಂಡುತ್ತ ಕಲ್ಲಿನತ್ತ ತಿರುಗಿದರು.

"ದಾರೀಲೇ ಹೋದ್ನಾ ಹಂಗಾದ್ರೆ? ದನ ಮನೆ ಮುಟ್ಟಿದ್ದು ಅವನಿಗ್ ಗೊತ್ತೇ ಆಗ್ಲಿಲ್ಲ," ಎಂದರು. ಆಮೇಲೆ, "ಅದಕ್ಕೇ ಹೇಳ್ತಾ ಬಂದಿದೀವಿ."

ಆ ಅಕ್ಷರ ಓದಬಲ್ಲವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಆದರೂ ಎಷ್ಟೋ ತಲೆಮಾರಿನಿಂದ ಆ ಮನೆಯ ಹೆಂಗಸರು ಅದಕ್ಕೆ ಉತ್ತರ ಹೇಳುತ್ತಲೇ ಇದ್ದರು.

ಮುನಿರಾಜಣ್ಣ ಪಕ್ಕಕ್ಕೆ ಹೋಗಿ ಫೋನು ಮಾಡಿದರು. "ಸಿಮೆಂಟ್ ಬೇಡ ಗುರು. ಇಲ್ಲ, ನಾಳಿದ್ದೂ ಬೇಡ." ಆಗಲೇ ತಂದಿಟ್ಟಿದ್ದ ಗ್ರಾನೈಟು, ವೀರಗಲ್ಲಿನ ಎದುರು ಕೂರುವ ಬೆಂಚಾಯಿತು. ಅಕ್ಷರವಿರುವ ಪಟ್ಟಿಗೆ ಇನ್ನು ಸುಣ್ಣ ಸೋಕಿಸುವುದಿಲ್ಲವೆಂದು ಗಂಗಮ್ಮ ಒಪ್ಪಿದರು, ಉಳಿದ ಮೈಗೆ ಬಳಿದೇ ತೀರುತ್ತೇನೆಂಬ ಕರಾರಿನ ಮೇಲೆ.

ಈಗ ಪಕ್ಕದ ತಾರಸಿ ಒಣಗಿ ಬೆಳ್ಳಗಾಗಿದೆ. ಸಂಜೆ ನಮ್ಮ ಮನೆಗೆ ಸೊಸೆಯ ಸ್ಕೂಟರ್ ಬಂತು, ಮೊಮ್ಮಗಳು ಟ್ಯೂಷನ್ನಿನಿಂದ ಬಂದಳು, ಮಗ ಕಡೆಗೆ ಬಂದ. ಹಿಂದೆಲ್ಲ ಕಡೆಗೆ ಬಂದವರಿಗೆ ನನ್ನಿಂದ ಮಂಗಳಾರತಿ ಆಗುತ್ತಿತ್ತು. ಈಗ ಗೇಟಿನ ಚಿಲಕ ಹಾಕಿ, ಹೊಸಕೆರೆಹಳ್ಳಿಯ ದಿಕ್ಕಿಗೆ ತಿರುಗಿ ಮೆಲ್ಲಗೆ ಹೇಳುತ್ತೇನೆ: "ಎಲ್ಲಾ ಬಂದ್ರಪ್ಪ."

ಇವತ್ತು ಹೆಂಡತಿಯ ಕಿವಿಗೆ ಬಿತ್ತು. "ಯಾರಿಗ್ರೀ ಹೇಳ್ತಿರೋದು?"

"ಹೆಸರು ಗೊತ್ತಿಲ್ಲ ಕಣೇ," ಎಂದೆ.