ಹಿಂದಿನ ಸೀಟಿನವರ ಅಭಿಪ್ರಾಯ

ಹೈದರಾಬಾದಿನಲ್ಲಿ ನನಗೆ ಸಿಕ್ಕ ಮೊದಲ ಕೆಲಸ ಜನರ ಅಭಿಪ್ರಾಯ ಕೇಳುವುದು. ಮಾದಾಪುರದಲ್ಲಿ ಬಂಡೆ ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ ಅದು. ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿದ್ದವರೆಲ್ಲ ಆ ಕಟ್ಟಡಗಳೊಳಗೆ ಹೋಗಲೆಂದೇ ಅಮೀರ್‌ಪೇಟೆಯ ಕಂಪ್ಯೂಟರ್ ತರಗತಿಗಳಿಗೆ ಸೇರಿದ್ದರು. ಸಮಾಜಶಾಸ್ತ್ರ ಓದಿದ್ದ ನಾನು ಮಾರುಕಟ್ಟೆ ಸಮೀಕ್ಷೆ ಮಾಡುವ ಒಂದು ಸಣ್ಣ ಕಚೇರಿ ಸೇರಿದೆ. ರಾಯಚೂರಿನವಳಾದ್ದರಿಂದ ಕನ್ನಡ, ತೆಲುಗು, ಹಿಂದಿ ಮೂರೂ ಬರುತ್ತಿದ್ದವು. ಅವರಿಗೆ ಬೇಕಾಗಿದ್ದದ್ದು ಅಷ್ಟೇ.

ಸೋಪು, ಚಹಾಪುಡಿ, ಸೊಳ್ಳೆಬತ್ತಿಗಳ ಬಗ್ಗೆ ಕೇಳುತ್ತ ಓಡಾಡುತ್ತಿದ್ದವಳಿಗೆ ಒಂದು ದಿನ ಕಾರಿನ ಕೆಲಸ ಬಂತು. ಒಂದು ಕಂಪನಿಯ ಸೆಡಾನ್ ಕಾರು ಆಗ ಮಧ್ಯಮವರ್ಗದ ಮನೆಗಳ ಮುಂದೆ ಸಾಕಷ್ಟು ಕಾಣುತ್ತಿತ್ತು. ಡಬ್ಬಿಯಂಥ ಆಕಾರ, ದೊಡ್ಡ ಡಿಕ್ಕಿ, ಎಷ್ಟು ಜನ ಕೂತರೂ ದೂರು ಹೇಳದ ಗಾಡಿ. ಕಂಪನಿ ಅದನ್ನು ಹೊಸದಾಗಿ ರೂಪಿಸಿತ್ತು. ಮಾರಾಟಕ್ಕೆ ಬಿಡುವ ಮುನ್ನ ಹಳೆಯ ಕಾರಿನ ಮಾಲೀಕರನ್ನು ಕರೆದು ಕಾರನ್ನೂ ಅದರ ಜಾಹೀರಾತನ್ನೂ ತೋರಿಸಿ ಏನನ್ನಿಸಿತು ಎಂದು ಕೇಳಬೇಕಿತ್ತು.

ಬೇಗಂಪೇಟೆಯ ಹೋಟೆಲೊಂದರ ಮದುವೆ ಹಾಲ್ ಹಿಡಿದಿದ್ದರು. ಭಾನುವಾರ ಬೆಳಿಗ್ಗೆ. ಹಾಲಿನ ಒಂದು ಮೂಲೆಯಲ್ಲಿ ಕಾರಿಗೆ ಬಿಳಿ ಬಟ್ಟೆ ಹೊದಿಸಿ ನಿಲ್ಲಿಸಿದ್ದರು. ಕಂಪನಿಯ ಅಧಿಕಾರಿಗಳು ಮುಂಬೈಯಿಂದ ಬಂದು ಪಕ್ಕದ ಕೋಣೆಯಲ್ಲಿ ಟಿವಿ ಮುಂದೆ ಕೂತಿದ್ದರು. ಹಾಲಿನಲ್ಲಿ ನಡೆಯುವುದೆಲ್ಲ ಕ್ಯಾಮೆರಾ ಮೂಲಕ ಅವರಿಗೆ ಕಾಣುತ್ತಿತ್ತು. ಮಾತು ನಡೆಸುವವರು ನಮ್ಮ ಮೇಡಂ. ಬಂದವರಿಗೆ ಚಹಾ ಕೊಡಿಸಿ ಕೂರಿಸುವುದು, ಭಾಷೆ ತೊಡಕಾದರೆ ಬಿಡಿಸುವುದು ನನ್ನ ಕೆಲಸ.

ಕರೆದದ್ದು ಮಾಲೀಕರನ್ನು ಮಾತ್ರ. ಆದರೆ ಕೋಠಿಯಲ್ಲಿ ಸೀರೆ ಅಂಗಡಿ ಇಟ್ಟಿದ್ದ ಒಬ್ಬರು ಹೆಂಡತಿಯನ್ನೂ ಕರೆದುಕೊಂಡು ಬಂದರು. ಐವತ್ತರ ಆಸುಪಾಸಿನ ಮನುಷ್ಯ, ಇಸ್ತ್ರಿ ಮಾಡಿದ ಸಫಾರಿ. ನನ್ನ ಮಾತಿನ ಧಾಟಿ ಕೇಳಿದ್ದೇ, "ನಮ್ಮ ಕಡಿಯಾಕೀನ ಹೌದಲ್ಲ ನೀ?" ಅಂದರು. ಅವರೂ ರಾಯಚೂರಿನವರೇ, ಮದುವೆಯಾದ ಹೊಸದರಲ್ಲಿ ಹೈದರಾಬಾದಿಗೆ ಬಂದು ನಿಂತವರು.

"ಭಾನುವಾರ ಈಕೀನ ಒಬ್ಬಾಕೀನ ಮನ್ಯಾಗ ಬಿಟ್ಟು ಹೆಂಗ ಬರ್ಲಿ ತಂಗಿ. ಊಟಾನೂ ಐತಿ ಅಂದಿದ್ರಿ," ಎಂದರು ಸ್ವಲ್ಪ ಸಂಕೋಚದಿಂದ.

ಆಕೆ ನನ್ನನ್ನು ನೋಡಿ ನಕ್ಕರು. ಗಿಡ್ಡ ಹೆಂಗಸು, ಅಂಗಡಿಯವರ ಹೆಂಡತಿ ಎಂದು ನೋಡಿದ ಕೂಡಲೇ ಗೊತ್ತಾಗುವಂಥ ಒಳ್ಳೆಯ ಇಳಕಲ್ ಸೀರೆ. ಮೇಡಂ ಕಣ್ಣಲ್ಲೇ ಒಪ್ಪಿಗೆ ಕೊಟ್ಟರು. ಗೋಡೆ ಪಕ್ಕದ ಕುರ್ಚಿಯಲ್ಲಿ ಆಕೆಯನ್ನು ಕೂರಿಸಿ ನಾನೂ ಪಕ್ಕದಲ್ಲಿ ಕೂತೆ.

ಬಟ್ಟೆ ಸರಿಸಿದಾಗ ಗಂಡಸರೆಲ್ಲ ಎದ್ದು ಕಾರಿನ ಸುತ್ತ ನಿಂತರು. ಬೆಳ್ಳಿ ಬಣ್ಣದ ಕಾರು. ಮುಂದಿನ ದೀಪಗಳು ಓರೆಗಣ್ಣಿನ ಹಾಗೆ ಮೇಲಕ್ಕೆ ಎಳೆದುಕೊಂಡಿದ್ದವು. ಛಾವಣಿ ಹಿಂದಕ್ಕೆ ಹೋದಂತೆ ಇಳಿಯುತ್ತ ಬಂದು ಡಿಕ್ಕಿಯೊಳಗೆ ಕರಗಿದ ಹಾಗಿತ್ತು. ಭಾಳ ಚಂದ ಇದೆ ಎಂದರು ಕೆಲವರು. ಒಬ್ಬರು ಡಿಕ್ಕಿ ತೆಗೆದು, ಇದರಲ್ಲಿ ಮದುವೆಗೆ ಹೋಗುವ ಸೂಟ್‌ಕೇಸ್ ಹಿಡಿಸುವುದಿಲ್ಲ ಎಂದರು. ಮಾದಾಪುರದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ಮೈಸೂರಿನ ಹುಡುಗನೊಬ್ಬ ಮಾತ್ರ ಸುಮ್ಮನೆ ಬಾಗಿಲನ್ನು ತೆರೆದು ಮುಚ್ಚಿ ಅದರ ಸದ್ದು ಕೇಳುತ್ತಿದ್ದ. ಸೀರೆ ಅಂಗಡಿಯವರಿಗೆ ಕಾರು ಹಿಡಿಸಿತ್ತು. ಈ ದಸರಾಕ್ಕೆ ಹಳೆಯದನ್ನು ಕೊಟ್ಟು ಇದನ್ನೇ ತರುತ್ತೇನೆ ಎಂದು ಮೇಡಂ ಕೇಳುವ ಮೊದಲೇ ಹಿಂದಿಯಲ್ಲಿ ಹೇಳಿಬಿಟ್ಟರು.

ಆಮೇಲೆ ಜಾಹೀರಾತು ಹಾಕಿದರು. ಕೋಟು ತೊಟ್ಟ ಗಂಡಸೊಬ್ಬ ಖಾಲಿ ರಸ್ತೆಯಲ್ಲಿ ಕಾರು ಓಡಿಸುತ್ತಾನೆ. ಪಕ್ಕದಲ್ಲಿ ಒಬ್ಬಳು, ಗಾಳಿಗೆ ಕೂದಲು ಹಾರಿಸಿಕೊಂಡು ನಗುತ್ತಾಳೆ. ಕಾರು ಗಾಜಿನ ಕಟ್ಟಡದ ಮುಂದೆ ನಿಲ್ಲುತ್ತದೆ, ಎಲ್ಲರೂ ತಿರುಗಿ ನೋಡುತ್ತಾರೆ. ನಿಮ್ಮ ಎತ್ತರಕ್ಕೆ ತಕ್ಕ ಕಾರು ಎಂದು ಒಂದು ಗಂಭೀರ ದನಿ ಹಿಂದಿಯಲ್ಲಿ ಹೇಳುತ್ತದೆ.

ಆಕೆ ನನ್ನ ಕಿವಿಯ ಹತ್ತಿರ ಬಾಗಿದರು. "ಆಕಿ ಯಾಕ ನಗಾಕತ್ತಾಳ ತಂಗಿ?"

"ಗೊತ್ತಿಲ್ರಿ ಅಕ್ಕಾರ. ಖುಷಿ ಆಗಿರಬೇಕು."

ಆಕೆ ಸ್ವಲ್ಪ ಯೋಚಿಸಿದರು. "ಮುಂದ ಕುಂತಾಳಲ್ಲ, ಅದಕ್ಕ."

ನನಗೆ ನಗು ತಡೆಯಲಾಗಲಿಲ್ಲ. ಮೇಡಂ ಕಿವಿ ಚುರುಕು. ಆಕೆ ಏನು ಹೇಳಿದರು ಎಂದು ಹಾಲಿನ ಆ ತುದಿಯಿಂದ ಕೇಳಿದರು. ನಾನು ಆಕೆಯ ಮುಖ ನೋಡಿದೆ. ಹೇಳು ಎನ್ನುವಂತೆ ತಲೆಯಾಡಿಸಿದರು. ಹಿಂದಿಯಲ್ಲಿ ಹೇಳಿದೆ. ಗಂಡಸರು ನಕ್ಕರು. ಸೀರೆ ಅಂಗಡಿಯವರೂ ನಕ್ಕು, ಆಮೇಲೆ ನಗು ನಿಲ್ಲಿಸಿ ಹಿಂತಿರುಗಿ ನೋಡಿದರು.

ಮೇಡಂ ನಗಲಿಲ್ಲ. ನೀವು ಕಾರಿನಲ್ಲಿ ಎಲ್ಲಿ ಕೂರುತ್ತೀರಿ ಎಂದು ಕೇಳಿದರು.

"ಹಿಂದ," ಎಂದರು ಆಕೆ. ಶುರು ಮಾಡಿದ ಮೇಲೆ ಮಾತು ನಿಲ್ಲಲಿಲ್ಲ. ಕಾರು ಬಂದಾಗಿನಿಂದ ಮುಂದಿನ ಸೀಟು ಮೈದುನನದು. ಹಿಂದೆ ಒಂದು ಕಿಟಕಿಗೆ ಅತ್ತೆ, ಇನ್ನೊಂದು ಕಿಟಕಿಗೆ ವಾಂತಿ ಮಾಡುವ ನಾದಿನಿಯೋ, ಆಕೆಯ ಮಗಳೋ. ನಡುವೆ ತಾನು. ಎರಡು ತಲೆಗಳ ಸಂದಿಯಲ್ಲಿ ಕಂಡಷ್ಟೇ ರಸ್ತೆ. "ರಾಯಚೂರಿಗೆ ಹೋಗೂ ಮುಂದ ಕೃಷ್ಣಾ ನದಿ ಬಂತು ಅಂತ ಇವರು ಕೈ ಮುಗೀತಾರ. ನಾ ಹೊಳ್ಳಿ ನೋಡೂದ್ರಾಗ ಬ್ರಿಡ್ಜಿನ ಕಟಕಟಿ ಅಷ್ಟ ಕಾಣ್ತೈತಿ."

ನಾನು ವಾಕ್ಯ ವಾಕ್ಯ ಬಿಡಿಸಿ ಹೇಳುತ್ತ ಹೋದೆ. ಹಾಲಿನಲ್ಲಿ ಈಗ ಯಾರೂ ನಗುತ್ತಿರಲಿಲ್ಲ. ಮೈಸೂರಿನ ಹುಡುಗ ಕುರ್ಚಿ ತಿರುಗಿಸಿಕೊಂಡು ಕೇಳುತ್ತಿದ್ದ.

ಹೊಸ ಕಾರಿನಲ್ಲಿ ಕೂತು ನೋಡಿ ಎಂದು ಮೇಡಂ ಕರೆದರು. ಆಕೆ ಎದ್ದು ಹೋಗಿ ಅಭ್ಯಾಸಬಲದಿಂದ ಹಿಂದಿನ ಬಾಗಿಲನ್ನೇ ತೆಗೆದರು. ಕೂತು ಆ ಕಡೆ ಈ ಕಡೆ ನೋಡಿದರು. ಛಾವಣಿ ಇಳಿದಿದ್ದರಿಂದ ಹಿಂದಿನ ಕಿಟಕಿ ಅವರ ಮುಖದ ಹತ್ತಿರ ಬರುವಷ್ಟರಲ್ಲಿ ಸಣ್ಣ ತ್ರಿಕೋನವಾಗಿತ್ತು. "ಹಳೇ ಗಾಡ್ಯಾಗ ಕಾಣ್ತಿದ್ದಷ್ಟೂ ಇದರಾಗ ಕಾಣಂಗಿಲ್ಲ," ಎಂದರು. ದೂರಿನ ದನಿ ಇರಲಿಲ್ಲ. ಬಟ್ಟೆಯ ಅಗಲ ಹೇಳಿದ ಹಾಗೆ ಹೇಳಿದರು.

ಗಂಡ ಬಾಗಿಲು ಹಿಡಿದು ನಿಂತಿದ್ದರು. ಅವರ ಮುಖ ಕೆಂಪಾಗಿತ್ತು. ಸಿಟ್ಟು ಬಂದಿದೆ ಎಂದುಕೊಂಡೆ. ಹತ್ತಿರ ಹೋದಾಗ ಅದು ಸಿಟ್ಟಲ್ಲ ಎಂದು ತಿಳಿಯಿತು. ತಗ್ಗಿದ ದನಿಯಲ್ಲಿ ಕನ್ನಡದಲ್ಲಿ ಹೇಳುತ್ತಿದ್ದರು: "ನಾ ನಿನ್ನ ಹಿಂದ ಕುಂದ್ರಿಸಿದ್ದು ಮರ್ಯಾದಿಗೆ. ಸಾಹೇಬ್ರು ಹಿಂದ ಕುಂದ್ರತಾರ, ದೊಡ್ಡೋರು ಹಿಂದ ಕುಂದ್ರತಾರ. ಹಂಗಂತ."

"ಸಾಹೇಬ್ರಿಗೆ ಕಿಡಕಿ ಇರ್ತೈತಿ. ನನಗ ನಡುವಿನ ಜಾಗಾ."

"ಒಂದ ಸಲ ಹೇಳಬೇಕಿತ್ತಲ್ಲ ನೀ."

"ಯಾರೂ ಕೇಳಿದ್ದಿಲ್ಲ. ಇವತ್ತ ಕೇಳಿದ್ರು, ಹೇಳಿದೆ."

ಮೇಡಂ ನನ್ನ ಕಡೆ ನೋಡಿದರು. ಇದನ್ನೂ ಹಿಂದಿಗೆ ತಿರುಗಿಸಬೇಕೇ ಎಂದು ನನಗೆ ಗೊತ್ತಾಗಲಿಲ್ಲ. ಅವರೂ ಒತ್ತಾಯಿಸಲಿಲ್ಲ. ಸೀರೆ ಅಂಗಡಿಯವರು ಕಾರಿನ ಮುಂಭಾಗ ಸುತ್ತಿಕೊಂಡು ಹೋಗಿ ಎಡಗಡೆಯ ಬಾಗಿಲು ತೆರೆದು ನಿಂತರು. "ಬಾ. ಇಲ್ಲಿ ಕುಂದ್ರು."

ಆಕೆ ಇಳಿದು ಬಂದು ಮುಂದೆ ಕೂತರು. ಸೆರಗು ಸರಿಮಾಡಿಕೊಂಡು ಕೈ ಎರಡನ್ನೂ ಮಡಿಲಲ್ಲಿಟ್ಟುಕೊಂಡರು. ಎದುರಿಗೆ ಹಾಲಿನ ಗೋಡೆ, ಅದರ ಮೇಲೆ ಯಾವುದೋ ಮದುವೆಯ ಥರ್ಮಾಕೋಲ್ ಅಕ್ಷರಗಳ ಗುರುತು.

"ಛಲೋ ಐತಿ," ಎಂದರು. "ಗ್ವಾಡಿ ಆದ್ರೂ ಅಗಲಕ ಕಾಣ್ತೈತಿ."

ಊಟದ ಹೊತ್ತಿನಲ್ಲಿ ಮೈಸೂರಿನ ಹುಡುಗ ತಟ್ಟೆ ಹಿಡಿದುಕೊಂಡು ನನ್ನ ಪಕ್ಕಕ್ಕೆ ಬಂದ. ಜಾಹೀರಾತಿನ ಬಗ್ಗೆ ಅವನನ್ನು ಕೇಳಿದಾಗ ಚೆನ್ನಾಗಿದೆ ಎಂದಷ್ಟೇ ಹೇಳಿದ್ದ. ಈಗ ಕನ್ನಡದಲ್ಲಿ ಹೇಳಿದ: "ಅವರು ನನ್ನಂಥವನಿಗೇ ಮಾಡಿರೋದು ಅದು, ಗೊತ್ತಾಗುತ್ತೆ. ಆದ್ರೆ ನನ್ ಕಾರಲ್ಲಿ ಮುಂದಿನ ಸೀಟ್ ಯಾವಾಗ್ಲೂ ಖಾಲಿ. ಲ್ಯಾಪ್‌ಟಾಪ್ ಬ್ಯಾಗ್ ಇಟ್ಟು ಬೆಲ್ಟ್ ಹಾಕ್ತೀನಿ, ಇಲ್ಲಾಂದ್ರೆ ಬ್ರೇಕ್ ಒತ್ತಿದಾಗ ಬೀಳುತ್ತೆ." ತಾನೇ ನಕ್ಕ. ಇದನ್ನು ಒಳಗೆ ಯಾಕೆ ಹೇಳಲಿಲ್ಲ ಎಂದೆ. "ಎಲ್ಲರ ಮುಂದೆ ಹೇಗ್ರೀ ಹೇಳೋದು," ಎಂದು ಮೊಸರನ್ನಕ್ಕೆ ಕೈ ಹಾಕಿದ.

ಕೊನೆಗೆ ಎಲ್ಲರನ್ನೂ ಕಾರು ಕೊಳ್ಳುತ್ತೀರಾ ಎಂದು ಇನ್ನೊಮ್ಮೆ ಕೇಳುವುದು ಪದ್ಧತಿ. ಸೀರೆ ಅಂಗಡಿಯವರು ಇಲ್ಲ ಎಂದರು. ಕಾರಣ ಕೇಳಿದಾಗ, ಮನೆಯಲ್ಲಿ ಎಲ್ಲರಿಗೂ ಹೊರಗಡೆ ಕಾಣಬೇಕು ಎಂದರು.

ಹೊರಡುವಾಗ ಗಂಡ ಹೆಂಡತಿ ನನ್ನನ್ನು ಅಮೀರ್‌ಪೇಟೆಯ ಹಾಸ್ಟೆಲಿಗೆ ಬಿಡುತ್ತೇವೆಂದು ಬಲವಂತ ಮಾಡಿ ಹತ್ತಿಸಿಕೊಂಡರು. ಅದೇ ಹಳೆಯ ಡಬ್ಬಿಯಂಥ ಕಾರು. ಮುಂದಿನ ಬಾಗಿಲು ತೆರೆದು ಹೆಂಡತಿಯನ್ನು ಕೂರಿಸಿದರು. ಬೆಲ್ಟ್ ಹಾಕುವುದು ಆಕೆಗೆ ತಿಳಿಯಲಿಲ್ಲ. ಅವರೇ ಬಗ್ಗಿ ಎಳೆದು ಸಿಕ್ಕಿಸಿದರು. ಹಿಂದಿನ ಸೀಟು ಪೂರ್ತಿ ನನ್ನದಾಯಿತು. ಕಾರು ರಸ್ತೆಗೆ ಬಂದದ್ದೇ ಆಕೆ ಶುರುಮಾಡಿದರು.

"ಬಸ್ಸ ಬರಾಕತ್ತೈತಿ ನೋಡ್ರಿ."

"ನನಗೂ ಕಾಣ್ತೈತಿ."

"ಕಾಣ್ತಿದ್ರ ಜರಾ ನಿಧಾನ ಹೋಗ್ರಿ. ಅಯ್ಯ, ಅಲ್ಲಿ ಎಷ್ಟ ದೊಡ್ಡ ಸೀರಿ ಅಂಗಡಿ ಮಾಡ್ಯಾರ. ನೀವು ಹೇಳೇ ಇಲ್ಲ."

"ಅದ ಇದ್ದು ಭಾಳ ವರ್ಷ ಆತು."

"ಹೌದೇನು," ಎಂದು ಆಕೆ ತಿರುಗಿ ತಿರುಗಿ ನೋಡಿದರು. ಅವರು ಕನ್ನಡಿಯಲ್ಲಿ ನನ್ನ ಕಡೆ ನೋಡಿ ಹುಬ್ಬೇರಿಸಿದರು. ಆದರೆ ಗಾಡಿ ನಿಧಾನ ಮಾಡಿದ್ದರು.

ಸೋಮವಾರ ಕಚೇರಿಯಲ್ಲಿ ಮುಂಬೈಯವರ ಜೊತೆ ಮೀಟಿಂಗ್ ಇತ್ತು. ಅವರಲ್ಲೊಬ್ಬರು, ಆ ಹೆಂಗಸಿನ ಮಾತನ್ನು ವರದಿಯಲ್ಲಿ ಹಾಕಬೇಡಿ, ಆಕೆ ಗ್ರಾಹಕಿಯಲ್ಲ, ಗಂಡ ಗ್ರಾಹಕ ಎಂದರು. ಒರಟಾಗಿಯೇನೂ ಹೇಳಲಿಲ್ಲ. ಅವರ ಕೆಲಸದ ಲೆಕ್ಕದಲ್ಲಿ ಅದು ಸರಿಯೇ ಇತ್ತು. ಮೇಡಂ ಕಾಫಿ ಲೋಟ ಕೆಳಗಿಟ್ಟು, "ಗ್ರಾಹಕ ಬೆಳಿಗ್ಗೆ ಕೊಳ್ಳುತ್ತೇನೆ ಎಂದ, ಮಧ್ಯಾಹ್ನ ಇಲ್ಲ ಎಂದ. ನಡುವೆ ಏನಾಯಿತು ಅಂತ ನೀವೇ ನೋಡಿದ್ದೀರಿ," ಎಂದರು. ಆ ಮನುಷ್ಯ ಆ ಭಾಗದ ಟೇಪನ್ನು ಇನ್ನೊಮ್ಮೆ ಹಾಕಿ ಎಂದರು. ಹಾಕಿದೆವು. ಆಕೆ ಗೋಡೆಯ ಕಡೆ ನೋಡುತ್ತ ಕೂತ ದೃಶ್ಯ ಬಂದಾಗ ಅವರು, ನನ್ನ ಹೆಂಡತಿಯೂ ಹಿಂದೆಯೇ ಕೂರುತ್ತಾಳೆ, ಮಗುವಿನ ಜೊತೆ, ಎಂದರು. ಮಾತು ವರದಿಯಲ್ಲಿ ಉಳಿಯಿತು.

ಕೆಲವು ತಿಂಗಳ ಮೇಲೆ ಸಮೀಕ್ಷೆಯ ಎರಡನೆಯ ಸುತ್ತಿನ ಭೇಟಿಗೆಂದು ಸೀರೆ ಅಂಗಡಿಯವರ ಕಾಚಿಗುಡದ ಮನೆಗೆ ಹೋದೆ. ಬಾಗಿಲು ತೆರೆದದ್ದು ಅತ್ತೆ. ನಾನು ಯಾರೆಂದು ತಿಳಿದದ್ದೇ ಆ ಮುದುಕಿ ನನ್ನ ಕೈ ಹಿಡಿದುಕೊಂಡರು. ಬೈಯುತ್ತಾರೇನೋ ಎಂದುಕೊಂಡೆ.

"ಭಾಳ ಛಲೋ ಮಾಡಿದ್ರವ್ವ ನೀವು. ಈಗ ಹಿಂದಿನ ಸೀಟ ಅರ್ಧಕ್ಕರ್ಧ ನಂದ. ಮಹೆಬೂಬನಗರ ದಾಟಿದ ಕೂಡ್ಲೆ ಕಾಲ ಚಾಚಿ ಮಲಗಿಬಿಡ್ತೀನಿ."

ಮೈದುನ ಕೆಲ ದಿನ ಮುನಿಸಿಕೊಂಡು ಅಂಗಡಿಗೆ ಬಸ್ಸಿನಲ್ಲಿ ಹೋದನಂತೆ. ಆಮೇಲೆ ತನ್ನದೇ ಬೈಕು ತಂದು ಖುಷಿಯಾಗಿದ್ದ. ಸೊಸೆ ಒಗ್ಗರಣೆ ಮಂಡಕ್ಕಿ ಮಾಡಿಕೊಟ್ಟರು. ಅಕ್ಕಾರ, ನೀವೂ ಕಾರು ಓಡಿಸೋದು ಕಲೀಬಹುದಲ್ರಿ ಎಂದೆ. ನಾನಾಗ ಹಾಗೆ ಯೋಚಿಸುವ ವಯಸ್ಸಿನವಳು.

"ನನಗ ನಡಸೂದು ಬ್ಯಾಡ ತಂಗಿ," ಎಂದರು. "ನಡಸೋರು ರಸ್ತಾ ಅಷ್ಟ ನೋಡ್ತಾರ. ನನಗ ಎಲ್ಲಾ ನೋಡಬೇಕು."

ಹೊಸ ಕಾರು ಮಾರುಕಟ್ಟೆಗೆ ಬಂತು. ಹಿಂದಿನ ಕಿಟಕಿ ಹಾಗೆಯೇ ಇತ್ತು. ಅಚ್ಚು ಹಾಕಿದ ತಗಡನ್ನು ಅಷ್ಟು ಸುಲಭಕ್ಕೆ ಬದಲಿಸಲಾಗುವುದಿಲ್ಲ ಎಂದು ಮೇಡಂ ಹೇಳಿದರು. ಜಾಹೀರಾತು ಮಾತ್ರ ಬೇರೆಯದಾಗಿತ್ತು. ತೆಲುಗಿನಲ್ಲೂ ಕನ್ನಡದಲ್ಲೂ ಬಂದದ್ದರಲ್ಲಿ ಕೋಟಿನ ಗಂಡಸು ಇರಲಿಲ್ಲ, ಒಂದು ಕುಟುಂಬ ಎಲ್ಲಿಗೋ ಹೊರಟಿತ್ತು, ಎಲ್ಲರೂ ಕಿಟಕಿಯಾಚೆ ನೋಡುತ್ತಿದ್ದರು. ಅದಕ್ಕೆ ನಮ್ಮ ಭಾನುವಾರ ಕಾರಣವೋ ಬೇರೆ ಊರಿನ ಬೇರೆ ಯಾರೋ ಕಾರಣವೋ ನನಗೆ ಇಂದಿಗೂ ಗೊತ್ತಿಲ್ಲ. ಮಾದಾಪುರದ ಕಡೆ ಕಾರು ಚೆನ್ನಾಗಿಯೇ ಮಾರಾಟವಾಯಿತು.

ನನ್ನ ತಂಗಿಯ ಮದುವೆಗೆ ಸೀರೆ ತರಲು ಕೋಠಿಗೆ ಹೋದಾಗ ಅವರಿಬ್ಬರೂ ಅಂಗಡಿಯಲ್ಲಿದ್ದರು. ಆಕೆ ಈಗ ಮಧ್ಯಾಹ್ನಗಳಲ್ಲಿ ಗಂಡನ ಜೊತೆ ಬಂದು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕೂರುತ್ತಿದ್ದರು. ಗಾದಿಯ ಮೇಲೆ ಸೀರೆ ಹರವುತ್ತ ಗಂಡ ಪಕ್ಕದ ಗಿರಾಕಿಗಳಿಗೆ ನನ್ನನ್ನು ತೋರಿಸಿ ತೆಲುಗಿನಲ್ಲಿ ಕಥೆ ಹೇಳಲು ಶುರುಮಾಡಿದರು. ಎಷ್ಟೋ ಸಲ ಹೇಳಿ ರೂಢಿಯಾದ ಕಥೆ ಎಂದು ಗೊತ್ತಾಗುತ್ತಿತ್ತು. ದೊಡ್ಡ ಹೋಟೆಲು, ಮುಂಬೈಯ ಸಾಹೇಬರು, ಕ್ಯಾಮೆರಾ. ತಮ್ಮ ಹೆಂಡತಿ ಎದ್ದು ನಿಂತು ಕಾರು ಕಂಪನಿಯವರಿಗೇ ನೇರವಾಗಿ ಹೇಳಿಬಿಟ್ಟಳು ಎಂದರು.

"ಸುಳ್ಳ," ಎಂದರು ಆಕೆ ಕನ್ನಡದಲ್ಲಿ, ನನ್ನ ಕಡೆ ನೋಡಿ. ಆಮೇಲೆ ಗಂಡನ ಕಡೆ ತಿರುಗಿದರು. "ನಾ ಹೇಳಿದ್ದು ನಿಮಗ."

ಅವರು ಹರವಿದ್ದ ಸೀರೆಯ ಒಂದು ತುದಿಯನ್ನು ಆಕೆಯ ಕೈಗೆ ಕೊಟ್ಟರು, ಇನ್ನೊಂದು ತುದಿ ತಾವು ಹಿಡಿದರು, ಇಬ್ಬರೂ ಸೇರಿ ಅದನ್ನು ಮಡಿಸಿದರು.