ಪ್ರಯೋಗಕ್ಕೆಂದೇ ಬಿಟ್ಟ ಮಷಿನ್

ನರೇಗಲ್ ಸಂತೆಯಲ್ಲಿ ಯಾರೋ ಹಿಂದಿನಿಂದ ಕೈ ಹಿಡಿದು, ‘ಏನವಾ, ಈಗ ಹೊಸಾದೇನ್ ಹೊಲ್ಯಾಕತ್ತಿ?’ ಎಂದರು. ತಿರುಗಿದರೆ ಅಮೀನಾ ಚಾಚಿ! ಗಜೇಂದ್ರಗಡದ ಅವರ ಹೊಲಿಗೆ ಕಾರ್ಖಾನೆಯಲ್ಲಿ ಮದುವೆಗೆ ಮುಂಚೆ ನಾನು ಕೆಲಸಕ್ಕಿದ್ದೆ. ಅಲ್ಲಿ ಒಂದು ಮಷಿನ್ ನಮ್ಮ ಪ್ರಯೋಗಗಳಿಗೇ ಮೀಸಲು. ಬಟ್ಟೆ ಕೆಟ್ಟರೆ ಚಾಚಿ, ‘ಕೆಡ್ಲಿ ಬಿಡವಾ, ಇನ್ನೊಂದ್ ತುಂಡ್ ತಗೋ’ ಎನ್ನುತ್ತಿದ್ದರು. ಹತ್ತಿ ಬಿಡಿಸುವ ಅವ್ವನಿಗೆಂದು ಹೆಗಲು ನೋಯದಂಥ ಚೀಲ ಹೊಲಿದದ್ದು ಅದರಲ್ಲೇ. ಆಮೇಲೆ ಸುತ್ತಲಿನ ಹಳ್ಳಿಯವರೆಲ್ಲ ಅದನ್ನೇ ಕೇಳಿದರು. ನನ್ನ ಮದುವೆಯಾದ ಕೆಲವು ವರ್ಷಕ್ಕೆ ಚಾಚಿಯ ಕಾರ್ಖಾನೆ ಮುಚ್ಚಿತು. ಈಗ ದೊಡ್ಡ ಗಾರ್ಮೆಂಟ್ಸಿನಲ್ಲಿ ದಿನವಿಡೀ ಕಾಲರ್ ಮಾತ್ರ ಹೊಲಿಯುತ್ತೇನೆ. ಅಲ್ಲಿ ಹೊಸದು ಕೇಳುವವರಿಲ್ಲ. ಚಾಚಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಸಂತೆಯಿಂದ ಒಂದಿಷ್ಟು ಬಟ್ಟೆ ತಂದೆ. ಇನ್ನೂ ಕತ್ತರಿ ಹಾಕಿಲ್ಲ. ಕೈ ತಪ್ಪಿದರೂ ಬೈಯದವರೊಬ್ಬರು ಪಕ್ಕದಲ್ಲಿರಬೇಕಿತ್ತು ಎನಿಸುತ್ತದೆ.